ಓದುಗರ ಪ್ರಶ್ನೆ: ಕಣ್ಣು ಬಿಡುವ ಮೊದಲೇ ಮೆದುಳಿನಲ್ಲಿ ನಡೆಯುವ ಪೈಪೋಟಿ

ಈ ತಿಂಗಳು ಬಂದ ಪತ್ರಗಳಲ್ಲಿ ಕಣ್ಣು ಮತ್ತು ಮೆದುಳಿನ ನಂಟಿನ ಬಗ್ಗೆ ಕೇಳಿದ ಆರನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲ ಉತ್ತರ ಗೊತ್ತಿದ್ದರೆ ಉಳಿದವು ಸುಲಭ, ಆದ್ದರಿಂದ ಮೇಲಿನಿಂದಲೇ ಓದಿ.

ಪ್ರಶ್ನೆ: ಬೆಕ್ಕಿನ ಮರಿ, ಇಲಿ ಮರಿ ಹುಟ್ಟಿದಾಗ ಅವುಗಳ ಕಣ್ಣು ಮುಚ್ಚಿರುತ್ತದೆ. ಆದರೂ ಅವು ಕಣ್ಣು ಬಿಡುವ ಹೊತ್ತಿಗೆ ಎರಡು ಕಣ್ಣಿನ ನರಗಳೂ ಮೆದುಳಿನಲ್ಲಿ ತಮ್ಮತಮ್ಮ ಜಾಗ ಹಿಡಿದಿರುತ್ತವೆ ಎಂದು ಓದಿದೆ. ಏನನ್ನೂ ನೋಡದೆ ಇದು ಹೇಗಾಗುತ್ತದೆ? ಎಲ್ಲವೂ ಜೀನ್‌ನಲ್ಲೇ ಬರೆದಿದೆಯೇ? (ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಜೀನ್ ನರವನ್ನು ಊರಿನವರೆಗೆ ತಂದು ಬಿಡುತ್ತದೆ. ಯಾವ ಮನೆಯಲ್ಲಿ ನೆಲೆ ನಿಲ್ಲಬೇಕು ಎಂಬುದು ಆಮೇಲೆ ನಡೆಯುವ ಪೈಪೋಟಿಯಲ್ಲಿ ತೀರ್ಮಾನವಾಗುತ್ತದೆ.

ಮೊದಲು ದಾರಿಯನ್ನು ನೋಡೋಣ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಗ್ಯಾಂಗ್ಲಿಯಾನ್ ಕೋಶಗಳಿವೆ. ಅವುಗಳ ಉದ್ದನೆಯ ಎಳೆಗಳೇ ಒಟ್ಟಾಗಿ ದೃಷ್ಟಿನರವಾಗುತ್ತವೆ. ಅವು ಮೆದುಳಿನ ನಡುವೆ ಇರುವ ಥಲಾಮಸ್‌ನ ಒಂದು ಪುಟ್ಟ ಭಾಗಕ್ಕೆ ಹೋಗುತ್ತವೆ. ಅದಕ್ಕೆ ಎಲ್‌ಜಿಎನ್ ಎನ್ನುತ್ತಾರೆ. ಅಲ್ಲಿಂದ ಇನ್ನೊಂದು ನರ ಹೊರಟು ತಲೆಯ ಹಿಂಬದಿಯ ದೃಷ್ಟಿ ಕಾರ್ಟೆಕ್ಸ್, ಅಂದರೆ ನೋಟವನ್ನು ಅರ್ಥಮಾಡಿಕೊಳ್ಳುವ ಮೆದುಳಿನ ಹೊರಪದರ, ಸೇರುತ್ತದೆ. ಬೆಳೆದ ಪ್ರಾಣಿಯ ಎಲ್‌ಜಿಎನ್‌ನಲ್ಲಿ ಎರಡು ಕಣ್ಣಿನ ಎಳೆಗಳು ಬೇರೆಬೇರೆ ಪದರಗಳಲ್ಲಿ ಇರುತ್ತವೆ. ಮನುಷ್ಯರಲ್ಲಿ ಇಂಥ ಮುಖ್ಯ ಪದರಗಳು 6, ಕಣ್ಣಿಗೆ ಮೂರು ಮೂರು.

ಎಳೆಗಳು ಮೊದಲು ಬಂದಾಗ ಈ ಅಚ್ಚುಕಟ್ಟು ಇರುವುದಿಲ್ಲ. ಬೆಕ್ಕು ಸುಮಾರು 65 ದಿನ ಗರ್ಭ ಹೊರುತ್ತದೆ. 47ನೇ ದಿನದ ಹೊತ್ತಿಗೆ ನೋಡಿದರೆ ಎರಡೂ ಕಣ್ಣಿನ ಎಳೆಗಳು ಎಲ್‌ಜಿಎನ್‌ನಲ್ಲಿ ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಹುಟ್ಟುವಷ್ಟರಲ್ಲಿ ಬೇರ್ಪಟ್ಟಿರುತ್ತವೆ. ರಾಗಿಯನ್ನು ಒತ್ತಾಗಿ ಬಿತ್ತಿ, ಆಮೇಲೆ ಕುಂಟೆ ಹೊಡೆದು ಪೈರು ತೆಳುಮಾಡುವ ಹಾಗೆ. ಇಲಿಯ ಎಲ್‌ಜಿಎನ್‌ನಲ್ಲಿ ಒಂದೊಂದು ಕೋಶಕ್ಕೂ ಮೊದಲು 20ಕ್ಕೂ ಹೆಚ್ಚು ಗ್ಯಾಂಗ್ಲಿಯಾನ್ ಕೋಶಗಳಿಂದ ದುರ್ಬಲ ಸಂಪರ್ಕ ಬಂದಿರುತ್ತದೆ. ಮೂರ್ನಾಲ್ಕು ವಾರ ಕಳೆಯುವಷ್ಟರಲ್ಲಿ ಬಲವಾಗಿ ಉಳಿಯುವವು ಒಂದರಿಂದ ಮೂರು.

ಹಾಗಾದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಯಾರು ಆರಿಸುತ್ತಾರೆ? ಬೆಳಕಿಲ್ಲದಿದ್ದರೂ ಅಕ್ಷಿಪಟಲ ಸುಮ್ಮನಿರುವುದಿಲ್ಲ. 1988ರಲ್ಲಿ ಗಲ್ಲಿ ಮತ್ತು ಮಫೇಯಿ ಇನ್ನೂ ಹುಟ್ಟದ ಇಲಿಯ ಅಕ್ಷಿಪಟಲದಿಂದ ವಿದ್ಯುತ್ ಮಿಡಿತ ದಾಖಲಿಸಿದರು. 1991ರಲ್ಲಿ ಮೈಸ್ಟರ್, ವಾಂಗ್, ಬೇಯ್ಲರ್ ಮತ್ತು ಕಾರ್ಲಾ ಶಾಟ್ಜ್ ಇನ್ನೂ ಮುಂದೆ ಹೋದರು. ಫೆರೆಟ್ (ಮುಂಗುಸಿಯಂತೆ ಕಾಣುವ ಸಣ್ಣ ಪ್ರಾಣಿ) ಮರಿಯ ಅಕ್ಷಿಪಟಲವನ್ನು ಹೊರತೆಗೆದು, ಗ್ಯಾಂಗ್ಲಿಯಾನ್ ಕೋಶಗಳು ಕೆಳಮುಖವಾಗುವಂತೆ 61 ಎಲೆಕ್ಟ್ರೋಡ್‌ಗಳ ತಟ್ಟೆಯ ಮೇಲೆ ಹಾಸಿ, ಏಕಕಾಲಕ್ಕೆ ಹತ್ತಾರು ಕೋಶಗಳನ್ನು ಆಲಿಸಿದರು. ಕಂಡದ್ದು ಅಲೆ. ಗದ್ದೆಯ ಬತ್ತದ ಮೇಲೆ ಗಾಳಿ ಹಾಯ್ದಂತೆ ಒಂದು ಮೂಲೆಯಲ್ಲಿ ಶುರುವಾದ ಮಿಡಿತ ಪಕ್ಕದ ಕೋಶಗಳಿಗೆ ಹಬ್ಬುತ್ತಾ ಸಾಗುತ್ತದೆ. ವೇಗ ಸೆಕೆಂಡಿಗೆ ಸುಮಾರು 100ರಿಂದ 300 ಮೈಕ್ರೊಮೀಟರ್ ಮಾತ್ರ. ಅಲೆ ಹಾಯ್ದ ಜಾಗ ಒಂದೆರಡು ನಿಮಿಷ ತಣ್ಣಗಿದ್ದು ಮತ್ತೆ ಮಿಡಿಯುತ್ತದೆ.

ಇಲಿಯಲ್ಲಿ ಈ ಅಲೆಗೆ ಮೂರು ಹಂತ. ಹುಟ್ಟುವ ಮೊದಲು ಕೋಶದಿಂದ ಕೋಶಕ್ಕೆ ನೇರ ತೂತುಗಳ ಮೂಲಕ ಹರಡುತ್ತದೆ. ಹುಟ್ಟಿದ ಮೇಲೆ ಸುಮಾರು 10 ದಿನ ಸ್ಟಾರ್‌ಬರ್ಸ್ಟ್ ಎಂಬ ಕೋಶಗಳು ಅಸಿಟೈಲ್‌ಕೋಲಿನ್ ಎಂಬ ನರಸಂದೇಶದ ರಾಸಾಯನಿಕ ಸುರಿಸಿ ಅಲೆ ನಡೆಸುತ್ತವೆ. ಅಲ್ಲಿಂದ 14ನೇ ದಿನ ಕಣ್ಣು ಬಿಡುವವರೆಗೆ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಸರದಿ. ಎರಡು ಕಣ್ಣುಗಳನ್ನು ಬೇರ್ಪಡಿಸುವ ಕೆಲಸದ ಹೆಚ್ಚಿನ ಪಾಲು ನಡುವಿನ ಹಂತದ್ದು.

ಒಂದೇ ಕಣ್ಣಿನ ಅಕ್ಕಪಕ್ಕದ ಕೋಶಗಳು ಒಂದೇ ಅಲೆಯಲ್ಲಿ ಒಟ್ಟಿಗೆ ಮಿಡಿಯುತ್ತವೆ. ಇನ್ನೊಂದು ಕಣ್ಣಿನ ಅಲೆ ಬೇರೆ ಗಳಿಗೆಯಲ್ಲಿ ಬರುತ್ತದೆ. ಎಲ್‌ಜಿಎನ್ ಕೋಶದ ಮೇಲೆ ಹತ್ತು ಎಳೆಗಳು ಒಮ್ಮೆಗೇ ಮಿಡಿದರೆ ಅದು ಉದ್ರೇಕಗೊಳ್ಳುತ್ತದೆ, ಆ ಹತ್ತೂ ಬಲಗೊಳ್ಳುತ್ತವೆ. ಕೋಶ ಸುಮ್ಮನಿರುವಾಗ ಒಂಟಿಯಾಗಿ ಮಿಡಿದ ಎಳೆ ದುರ್ಬಲವಾಗುತ್ತದೆ. ದುರ್ಬಲವಾದದ್ದಕ್ಕೆ ಸಿ1ಕ್ಯು, ಸಿ3 ಎಂಬ ಪ್ರೋಟೀನುಗಳ ಗುರುತು ಬೀಳುತ್ತದೆ. ಮೈಕ್ರೋಗ್ಲಿಯಾ ಎಂಬ ಕೋಶಗಳು ಬಂದು ಅದನ್ನು ನುಂಗುತ್ತವೆ. ಎಷ್ಟು ಸಲ ಮಿಡಿಯಿತು ಎಂಬುದಕ್ಕಿಂತ ಯಾರ ಜೊತೆ ಮಿಡಿಯಿತು ಎಂಬುದೇ ಇಲ್ಲಿ ಮುಖ್ಯ. ಕೆಳಗಿನ ಎಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಪ್ರಶ್ನೆ: ಅಲೆಯೂ ಇದೆ, ಬೇರ್ಪಡುವಿಕೆಯೂ ಇದೆ. ಆದರೆ ಅಲೆಯಿಂದಲೇ ಬೇರ್ಪಡುತ್ತದೆ ಎಂದು ಹೇಗೆ ಹೇಳುತ್ತೀರಿ? ಎರಡೂ ಒಂದೇ ಹೊತ್ತಿಗೆ ನಡೆಯುವ ಬೇರೆಬೇರೆ ಸಂಗತಿಗಳಾಗಿರಬಾರದೇ? (ಜೀವಶಾಸ್ತ್ರ ಉಪನ್ಯಾಸಕರು, ಹಾಸನ)

ಈ ಅನುಮಾನ ನ್ಯಾಯವಾದದ್ದು, ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ವಾದ ನಡೆದಿದ್ದೂ ಇದರ ಮೇಲೆಯೇ. 1988ರಲ್ಲಿ ಶಾಟ್ಜ್ ಮತ್ತು ಸ್ಟ್ರೈಕರ್ ಗರ್ಭದಲ್ಲಿರುವ ಬೆಕ್ಕಿನ ಮರಿಯ ಮೆದುಳಿಗೆ ಸಣ್ಣ ಪಂಪಿನಿಂದ ಟೆಟ್ರೊಡೋಟಾಕ್ಸಿನ್ ಎಂಬ ನರವಿಷ ಹರಿಸಿ ಮಿಡಿತ ನಿಲ್ಲಿಸಿದರು. ಪದರಗಳು ಬೇರ್ಪಡಲಿಲ್ಲ. ಆದರೆ ಮಿಡಿತವನ್ನೇ ಪೂರ್ತಿ ನಿಲ್ಲಿಸಿದರೆ ಬೆಳವಣಿಗೆಯೇ ಕುಂಠಿತವಾಗಿರಬಹುದು ಎಂದು ಯಾರಾದರೂ ಹೇಳಬಹುದು.

ಅದಕ್ಕೆ ಉತ್ತರವಾಗಿ ಬಂದದ್ದು ಒಂದೇ ಕಣ್ಣಿನ ಪ್ರಯೋಗಗಳು. 1998ರಲ್ಲಿ ಪೆನ್ ಮತ್ತು ಸಂಗಡಿಗರು ಫೆರೆಟ್ ಮರಿಯ ಕಣ್ಣಿಗೆ ಎಪಿಬ್ಯಾಟಿಡಿನ್ ಹಾಕಿದರು. ಇದು ಈಕ್ವೆಡಾರ್‌ನ ಒಂದು ಕಪ್ಪೆಯ ಚರ್ಮದಲ್ಲಿ ಸಿಕ್ಕ ವಿಷ. ಅಸಿಟೈಲ್‌ಕೋಲಿನ್ ಗ್ರಾಹಕಕ್ಕೆ ಬಿಗಿಯಾಗಿ ಅಂಟಿ ಅದನ್ನು ಜಡವಾಗಿಸುತ್ತದೆ, ಅಲೆ ನಿಲ್ಲುತ್ತದೆ. ಎರಡೂ ಕಣ್ಣಿಗೆ ಹಾಕಿದರೆ ಎಳೆಗಳು ಬೆರೆತೇ ಉಳಿದವು. ಒಂದೇ ಕಣ್ಣಿಗೆ ಹಾಕಿದರೆ ಆ ಕಣ್ಣು ಜಾಗ ಕಳೆದುಕೊಂಡಿತು, ಇನ್ನೊಂದು ಅದನ್ನು ಆಕ್ರಮಿಸಿತು. 2002ರಲ್ಲಿ ಸ್ಟೆಲ್‌ವಾಗನ್ ಮತ್ತು ಶಾಟ್ಜ್ ಇದನ್ನು ತಿರುಗಿಸಿ ಮಾಡಿದರು. ಒಂದು ಕಣ್ಣಿನ ಅಲೆ ಹೆಚ್ಚಿಸಿದರೆ ಆ ಕಣ್ಣಿನ ಜಾಗ ಹಿಗ್ಗಿತು. ಎರಡರಲ್ಲೂ ಸಮನಾಗಿ ಹೆಚ್ಚಿಸಿದರೆ ಹಂಚಿಕೆ ಮಾಮೂಲಿನಂತೆಯೇ ಆಯಿತು. ಮಿಡಿತ ಬರಿಯ ಆಹಾರದಂತೆ ಕೆಲಸ ಮಾಡುತ್ತಿದ್ದರೆ ಈ ಕೊನೆಯ ಫಲಿತಾಂಶ ಬರುತ್ತಿರಲಿಲ್ಲ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಸ್ಪಷ್ಟವಾದ ಪುರಾವೆ 2012ರದ್ದು. ಕ್ರೇರ್ ಅವರ ಗುಂಪು ಇಲಿ ಮರಿಗಳ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಬೆಳಕು ಬಿದ್ದರೆ ಮಿಡಿತ ಹುಟ್ಟಿಸುವ ಚಾನೆಲ್‌ರೋಡಾಪ್ಸಿನ್ ಎಂಬ ಪ್ರೋಟೀನು ಕೂರಿಸಿ, ಎರಡೂ ಕಣ್ಣಿಗೆ ಬೆಳಕಿನ ಮಿಂಚು ಕೊಟ್ಟಿತು. ಎರಡಕ್ಕೂ ಒಂದೇ ಗಳಿಗೆಯಲ್ಲಿ ಕೊಟ್ಟರೆ ಬೇರ್ಪಡುವಿಕೆ ಕೆಟ್ಟಿತು. ಬೇರೆಬೇರೆ ಗಳಿಗೆಯಲ್ಲಿ ಕೊಟ್ಟರೆ ಇನ್ನೂ ಚೆನ್ನಾಗಿ ಆಯಿತು. ಇಲ್ಲಿ ಬದಲಾದದ್ದು ಸಮಯವೊಂದೇ.

ಹಾಗೆಂದು ಜೀನ್ ಪಾತ್ರ ಸಣ್ಣದಲ್ಲ. ಎಫ್ರಿನ್ ಎಂಬ ಗುರುತಿನ ಅಣುಗಳಿಲ್ಲದ ಇಲಿಗಳಲ್ಲಿ ಎರಡು ಕಣ್ಣಿನ ಎಳೆಗಳು ಬೇರ್ಪಡುತ್ತವೆ, ಆದರೆ ತಪ್ಪು ಜಾಗದಲ್ಲಿ, ಚೂರುಚೂರಾಗಿ. ಎಲ್ಲಿ ಎಂಬುದು ಅಣುಗಳ ಕೆಲಸ, ಬೇರೆಯಾಗು ಎಂಬುದು ಮಿಡಿತದ ಕೆಲಸ. ಕಾರ್ಟೆಕ್ಸ್‌ನಲ್ಲೂ ಒಂದು ಪಟ್ಟಿ ಎಡಗಣ್ಣಿಗೆ, ಪಕ್ಕದ್ದು ಬಲಗಣ್ಣಿಗೆ ಎಂಬಂತೆ ಪಟ್ಟಿಗಳಿರುತ್ತವೆ. ಅವುಗಳ ವಿಷಯದಲ್ಲಿ ಚರ್ಚೆ ಇನ್ನೂ ಗಟ್ಟಿಯಾಗಿದೆ. ಫೆರೆಟ್ ಮರಿಯ ಕಣ್ಣುಗಳನ್ನು ಬಹಳ ಮುಂಚೆಯೇ ತೆಗೆದರೂ ಪಟ್ಟಿಯಂಥ ರಚನೆ ಬರುತ್ತದೆ ಎಂದು ಕ್ರೌಲಿ ಮತ್ತು ಕಾಟ್ಜ್ 1999ರಲ್ಲಿ ತೋರಿಸಿದರು. ಈ ವಿಷಯ ಪಾಠ ಮಾಡುವಾಗ ಇದನ್ನು ಬಿಡದೆ ಹೇಳಿ.

ಪ್ರಶ್ನೆ: ಇಲಿ ಮರಿಗಳಲ್ಲಿ ಎರಡು ಬಣ್ಣ ಹಾಕಿ ಎಲ್‌ಜಿಎನ್ ಬೇರ್ಪಡುವಿಕೆ ಅಳೆಯುತ್ತಿದ್ದೇನೆ. ಒಂದೇ ವಯಸ್ಸಿನ ಮರಿಗಳಲ್ಲಿ ಒಂದರಲ್ಲಿ ತುಂಬ ಬೆರಕೆ, ಇನ್ನೊಂದರಲ್ಲಿ ಬಹಳ ಕಡಿಮೆ. ಎಲ್ಲಿ ತಪ್ಪುತ್ತಿದೆ? (ಸಂಶೋಧನಾ ವಿದ್ಯಾರ್ಥಿ, ಮೈಸೂರು)

ಹೆಚ್ಚಾಗಿ ತಪ್ಪುವುದು ಕಣ್ಣಿಗೆ ಬಣ್ಣ ಹಾಕುವಾಗ. ಕಾಲರಾ ಟಾಕ್ಸಿನ್ ಬಿ ಭಾಗಕ್ಕೆ ಒಂದು ಕಣ್ಣಿಗೆ ಹಸಿರು, ಇನ್ನೊಂದಕ್ಕೆ ಕೆಂಪು ಬಣ್ಣ ಕಟ್ಟಿರುತ್ತೀರಿ. ಪ್ರತಿ ಕಣ್ಣಿಗೆ 1ರಿಂದ 2 ಮೈಕ್ರೊಲೀಟರ್. ಎಳೆಯ ಮರಿಯ ಕಣ್ಣುಗುಡ್ಡೆ ಪುಟ್ಟದು. ಒಳಗಿನ ದ್ರವವನ್ನು ಸ್ವಲ್ಪ ಹೊರಬಿಡದೆ ಚುಚ್ಚಿದರೆ ನೀವು ಹಾಕಿದಷ್ಟೂ ಸೂಜಿಯ ತೂತಿನಿಂದಲೇ ವಾಪಸ್ ಬರುತ್ತದೆ. ಗಾಜಿನ ಸಣ್ಣ ಸೂಜಿಯನ್ನು ಒಳಗೆ ಬಿಟ್ಟು, ನಿಧಾನವಾಗಿ ತಳ್ಳಿ, ಕೆಲವು ಸೆಕೆಂಡು ಹಾಗೇ ಹಿಡಿದು ಆಮೇಲೆ ಹೊರತೆಗೆಯಿರಿ. ಲೆನ್ಸಿಗೆ ತಾಗಿದರೆ ಆ ಮರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಬಣ್ಣ ಅಕ್ಷಿಪಟಲದ ಒಂದು ಬದಿಗೆ ಮುಟ್ಟದಿದ್ದರೆ ಆ ಬದಿಯ ಎಳೆಗಳು ಎಲ್‌ಜಿಎನ್‌ನಲ್ಲಿ ಕಾಣುವುದೇ ಇಲ್ಲ. ಎಳೆ ಇದ್ದೂ ಬಣ್ಣವಿಲ್ಲದಿದ್ದರೆ ಬೆರಕೆ ಕಡಿಮೆ ಎಂದು ತೋರುತ್ತದೆ. ನೀವು ಬರೆದ 'ಬಹಳ ಕಡಿಮೆ' ಇದೇ ಇರಬಹುದು. ಆದ್ದರಿಂದ ಮೆದುಳು ಕತ್ತರಿಸುವ ಮೊದಲು ಎರಡೂ ಅಕ್ಷಿಪಟಲಗಳನ್ನು ಚಪ್ಪಟೆಯಾಗಿ ಹಾಸಿ ನೋಡಿ. ಅಕ್ಷಿಪಟಲದ ಎಳೆಗಳು ಸೇರುವ ಮೆದುಳಿನ ಇನ್ನೊಂದು ಭಾಗವಾದ ಮೇಲಿನ ಕೊಲಿಕ್ಯುಲಸ್ ಪೂರ್ತಿ ಬಣ್ಣ ಹಿಡಿದಿದೆಯೇ ಎಂದೂ ನೋಡಿ. ಎರಡರಲ್ಲಿ ಒಂದು ಕಡೆ ಖಾಲಿ ಇದ್ದರೂ ಆ ಮರಿ ಬೇಡ.

ಸುಮಾರು 24 ಗಂಟೆ ಕಾಯಿರಿ. ಆಮೇಲೆ ಮೆದುಳು ಕೆಡದಂತೆ 4% ಪ್ಯಾರಾಫಾರ್ಮಾಲ್ಡಿಹೈಡ್, 70ರಿಂದ 100 ಮೈಕ್ರೊಮೀಟರ್ ಅಡ್ಡ ಸೀಳು. ಎಲ್‌ಜಿಎನ್‌ನ ನಡುವಿನ ಮೂರ್ನಾಲ್ಕು ಸೀಳುಗಳನ್ನೇ ಎಲ್ಲ ಮರಿಗಳಲ್ಲೂ ತೆಗೆದುಕೊಳ್ಳಿ. ತುದಿಯ ಸೀಳಿನಲ್ಲಿ ಅದೇ ಬದಿಯ ಕಣ್ಣಿನ ಎಳೆ ಕಡಿಮೆ ಇರುತ್ತದೆ, ಅದು ಸೇರಿದರೆ ಸರಾಸರಿ ಕೆಡುತ್ತದೆ. ವಯಸ್ಸಿನಲ್ಲಿ ಒಂದು ದಿನದ ವ್ಯತ್ಯಾಸವೂ ಇಲ್ಲಿ ದೊಡ್ಡದು. 4ನೇ ದಿನ ಬೆರಕೆ ಜಾಸ್ತಿ, 8ನೇ ದಿನಕ್ಕೆ ಬಹುಪಾಲು ಬೇರ್ಪಟ್ಟಿರುತ್ತದೆ. ಮರಿ ಹುಟ್ಟಿದ ಗಂಟೆಯನ್ನೂ ಪಂಜರದ ಚೀಟಿಯಲ್ಲಿ ಬರೆಯಿರಿ.

ಇನ್ನೊಂದು ದೋಷ ಕಂಪ್ಯೂಟರಿನಲ್ಲಿ. ಇಷ್ಟು ಹೊಳಪಿದ್ದರೆ ಬಣ್ಣವಿದೆ, ಇಲ್ಲದಿದ್ದರೆ ಇಲ್ಲ ಎಂಬ ಗಡಿಯನ್ನು ನೀವು ಎಲ್ಲಿ ಇಟ್ಟಿರೋ ಅಲ್ಲಿಗೆ ತಕ್ಕಂತೆ ಬೆರಕೆ ಬದಲಾಗುತ್ತದೆ. ಗಡಿಯೇ ಬೇಡದ ಕ್ರಮವನ್ನು ಟೊರ್ಬೋರ್ಗ್ ಮತ್ತು ಫೆಲ್ಲರ್ 2004ರಲ್ಲಿ ಕೊಟ್ಟರು. ಪ್ರತಿ ಪಿಕ್ಸೆಲ್‌ನಲ್ಲಿ ಅದೇ ಬದಿಯ ಹೊಳಪನ್ನು ಎದುರು ಬದಿಯ ಹೊಳಪಿನಿಂದ ಭಾಗಿಸಿ, 10ರ ಆಧಾರದ ಲಾಗ್ ತೆಗೆದು, ಆ ಎಲ್ಲ ಸಂಖ್ಯೆಗಳ ಚದುರಿಕೆ ನೋಡುವುದು. ಬೇರ್ಪಟ್ಟಷ್ಟೂ ಚದುರಿಕೆ ಹೆಚ್ಚು. ಅದಕ್ಕೆ ಮೊದಲು ಹಿನ್ನೆಲೆಯ ಹೊಳಪನ್ನು ಕಳೆಯಲೇಬೇಕು. ಎಣಿಸುವವರಿಗೆ ಯಾವ ಮರಿ ಯಾವ ಗುಂಪಿನದೆಂದು ಗೊತ್ತಿರಬಾರದು.

ಪ್ರಶ್ನೆ: ಮಗಳಿಗೆ 5 ವರ್ಷ. ಬಲಗಣ್ಣು 'ಲೇಜಿ ಐ' ಎಂದು ಡಾಕ್ಟರ್ ಕನ್ನಡಕ ಕೊಟ್ಟರು. ಈಗ ಚೆನ್ನಾಗಿರುವ ಎಡಗಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ ಹಾಕಿ ಎನ್ನುತ್ತಿದ್ದಾರೆ. ಒಳ್ಳೆಯ ಕಣ್ಣನ್ನು ಮುಚ್ಚಿದರೆ ಅದೂ ಹಾಳಾಗುತ್ತದೆ ಎಂದು ಅತ್ತೆಯವರು ಬೇಡವೆನ್ನುತ್ತಾರೆ. ಮಗಳೂ ಕಿತ್ತು ಬಿಸಾಡುತ್ತಾಳೆ. ಏನು ಮಾಡಲಿ? (ತಾಯಿಯೊಬ್ಬರು, ದಾವಣಗೆರೆ)

ಪಟ್ಟಿ ಹಾಕಿ, ನಿಲ್ಲಿಸಬೇಡಿ ಅಮ್ಮಾ. ನಿಮ್ಮ ಅತ್ತೆಯವರ ಹೆದರಿಕೆಗೆ ಕಾರಣವಿದೆ, ಅವರಿಗೂ ಸಮಾಧಾನವಾಗುವಂತೆ ವಿವರಿಸುತ್ತೇವೆ.

ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಎರಡು ಮೂರು ತಿಂಗಳು ಹೊಲಿದು ಮುಚ್ಚಿ, ಆಮೇಲೆ ಬಿಚ್ಚಿ ನೋಡಿದರು. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಕಾರ್ಟೆಕ್ಸ್‌ನ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ತೆರೆದಿದ್ದ ಕಣ್ಣಿಗೆ ಮಾತ್ರ ಸ್ಪಂದಿಸುತ್ತಿದ್ದವು. ದೊಡ್ಡ ಬೆಕ್ಕಿನಲ್ಲಿ ಅಷ್ಟೇ ಕಾಲ ಮುಚ್ಚಿದರೂ ಹೀಗಾಗಲಿಲ್ಲ. ಮರಿಯ ಎರಡೂ ಕಣ್ಣು ಮುಚ್ಚಿದರೆ ಎರಡರಷ್ಟು ಹಾನಿಯಾಗಬೇಕಿತ್ತಲ್ಲವೇ? ಆಗಲಿಲ್ಲ, ಬಹಳಷ್ಟು ಕೋಶಗಳು ಎರಡೂ ಕಣ್ಣಿಗೆ ಸ್ಪಂದಿಸಿದವು. ಒಂದು ಕಣ್ಣು ಸೋಲುವುದು ಬೆಳಕಿಲ್ಲದೆ ಅಲ್ಲ, ಪಕ್ಕದ ಕಣ್ಣು ಗೆದ್ದದ್ದರಿಂದ. ಇಂಥ ಕೆಲಸಗಳಿಗಾಗಿಯೇ ಅವರಿಬ್ಬರಿಗೆ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು.

ನಿಮ್ಮ ಮಗಳ ಮೆದುಳಿನಲ್ಲಿ ಎಡಗಣ್ಣು ಗೆಲ್ಲುತ್ತಿದೆ. ಅದನ್ನು ದಿನಕ್ಕೆ ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಿದರೆ ಬಲಗಣ್ಣಿಗೆ ಜಾಗ ಹಿಡಿಯಲು ಅವಕಾಶ ಸಿಗುತ್ತದೆ. 2 ಗಂಟೆ ಮುಚ್ಚಿದರೂ ಉಳಿದ ಹೊತ್ತೆಲ್ಲ ಎಡಗಣ್ಣು ತೆರೆದಿರುವುದರಿಂದ ಅದು ಕೆಡುವ ಸಂಭವ ತೀರಾ ಕಡಿಮೆ. ಆ ಅಪಾಯ ಹೆಚ್ಚಾಗಿ ಇರುವುದು ಎಳೆ ಕೂಸಿಗೆ ದಿನವಿಡೀ ಕಟ್ಟಿದಾಗ. ಆದ್ದರಿಂದಲೇ ಪ್ರತಿ ಭೇಟಿಯಲ್ಲಿ ಎರಡೂ ಕಣ್ಣನ್ನು ಪರೀಕ್ಷಿಸುತ್ತಾರೆ.

ಕನ್ನಡಕವನ್ನು ಮೊದಲು ಕೊಟ್ಟದ್ದಕ್ಕೂ ಕಾರಣವಿದೆ. ಮಸುಕಾದ ಚಿತ್ರ ನೋಡುವ ಕಣ್ಣಿನಿಂದ ತಾಳವಿಲ್ಲದ ಮಿಡಿತ ಬರುತ್ತಿರುತ್ತದೆ. 1999ರಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಔಷಧ ಹಾಕಿ ಪೂರ್ತಿ ಮೌನವಾಗಿಸಿದ ಕಣ್ಣಿಗಿಂತ ರೆಪ್ಪೆ ಮುಚ್ಚಿ ಮಸುಕಾಗಿಸಿದ ಕಣ್ಣೇ ಹೆಚ್ಚು ಬೇಗ ಸಂಪರ್ಕ ಕಳೆದುಕೊಂಡಿತು. ಮಸುಕು ಹಾಗೇ ಇದ್ದರೆ ಪಟ್ಟಿಯಿಂದ ಹೆಚ್ಚು ಪ್ರಯೋಜನವಿಲ್ಲ. ಪಟ್ಟಿ ಹಾಕಿದಾಗಲೂ ಕನ್ನಡಕ ಇರಲೇಬೇಕು.

2 ಗಂಟೆ ಸಾಕೇ? 3ರಿಂದ 7 ವರ್ಷದೊಳಗಿನ, ಮಧ್ಯಮ ಮಟ್ಟದ, ಅಂದರೆ ಸುಮಾರು 6/12ರಿಂದ 6/24 ದೃಷ್ಟಿಯ ಮಕ್ಕಳಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ನಾಲ್ಕು ತಿಂಗಳಿಗೆ 2 ಗಂಟೆ, 6 ಗಂಟೆ ಎರಡರ ಫಲವೂ ಒಂದೇ ಬಂತು. ಆ ಹೊತ್ತಿನಲ್ಲಿ ಒಂದು ಗಂಟೆ ಹತ್ತಿರದ ಕೆಲಸ ಮಾಡಿಸಬೇಕು. ಮಣಿ ಪೋಣಿಸಲಿ, ಅಕ್ಕಿ ಆರಿಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಬಣ್ಣ ತುಂಬಲಿ. ದೃಷ್ಟಿ ಇನ್ನೂ ಕಡಿಮೆಯಿದ್ದರೆ ಡಾಕ್ಟರ್ 6 ಗಂಟೆ ಹೇಳಬಹುದು.

ಪಟ್ಟಿಯನ್ನು ಕನ್ನಡಕದ ಗಾಜಿಗೆ ಅಂಟಿಸಬೇಡಿ, ಮಕ್ಕಳು ಮೂಗಿನ ಕಡೆಯಿಂದ ಇಣುಕಿ ಒಳ್ಳೆಯ ಕಣ್ಣಿನಲ್ಲೇ ನೋಡುತ್ತಾರೆ. ಚರ್ಮಕ್ಕೆ ಅಂಟುವ ಪಟ್ಟಿ ಹಾಕಿ, ಅದರ ಮೇಲೆ ಕನ್ನಡಕ. ತೆಗೆಯುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಅಂಚು ನೆನೆಸಿ. ಚರ್ಮ ಕೆಂಪಾದರೆ ದಿನ ಬಿಟ್ಟು ದಿನ ಅಂಟಿಸುವ ದಿಕ್ಕು ಬದಲಿಸಿ. ಮೊದಲ ವಾರ ಅವಳಿಗೆ ಸರಿಯಾಗಿ ಕಾಣುವುದಿಲ್ಲ, ಕಿತ್ತು ಹಾಕುವುದು ಹಟದಿಂದಲ್ಲ. ಮೆಟ್ಟಿಲು, ರಸ್ತೆಯ ಹತ್ತಿರ ಬಿಡಬೇಡಿ. 10 ನಿಮಿಷದಿಂದ ಶುರುಮಾಡಿ ಏರಿಸುತ್ತಾ ಹೋಗಿ. ಏನು ಮಾಡಿದರೂ ಒಪ್ಪದಿದ್ದರೆ ಒಳ್ಳೆಯ ಕಣ್ಣಿಗೆ 1% ಅಟ್ರೊಪಿನ್ ಹನಿ ಹಾಕಿ ಹತ್ತಿರದ ನೋಟ ಮಸುಕಾಗಿಸುವ ದಾರಿಯಿದೆ. ವಾರಾಂತ್ಯದಲ್ಲಿ ಮಾತ್ರ ಹಾಕಿದರೂ ನಡೆಯುತ್ತದೆ. ಅದು ಡಾಕ್ಟರ್ ಹೇಳಿದರೆ ಮಾತ್ರ. ಬಾಟಲಿ ಮಕ್ಕಳ ಕೈಗೆ ಸಿಗದಂತೆ ಇಡಿ, ಹೊಟ್ಟೆಗೆ ಹೋದರೆ ಅಪಾಯ.

ದೃಷ್ಟಿ ಸರಿಯಾಯಿತೆಂದು ಒಂದೇ ದಿನ ನಿಲ್ಲಿಸಬೇಡಿ. ಚಿಕಿತ್ಸೆ ನಿಂತ ಒಂದು ವರ್ಷದೊಳಗೆ ಸುಮಾರು ಕಾಲು ಭಾಗ ಮಕ್ಕಳಲ್ಲಿ ದೃಷ್ಟಿ ಮತ್ತೆ ಇಳಿಯುತ್ತದೆ. 6ರಿಂದ 8 ಗಂಟೆ ಹಾಕುತ್ತಿದ್ದವರು ಥಟ್ಟನೆ ಬಿಟ್ಟಾಗ 42% ಮಕ್ಕಳಲ್ಲಿ ಹೀಗಾಯಿತು. ಮೊದಲು 2 ಗಂಟೆಗೆ ಇಳಿಸಿ ಆಮೇಲೆ ಬಿಟ್ಟವರಲ್ಲಿ 14%.

ಪ್ರಶ್ನೆ: ಬಸುರಿಯ ಹೊಟ್ಟೆಯ ಮೇಲೆ ಟಾರ್ಚ್ ಬಿಟ್ಟರೆ ಮಗುವಿನ ಕಣ್ಣು ಚುರುಕಾಗುತ್ತದೆಯೇ? (ಓದುಗರು, ತುಮಕೂರು)

ಬೇಡ. ಆ ಹಂತದ ಹೆಣಿಗೆಗೆ ಹೊರಗಿನ ಬೆಳಕು ಬೇಕಿಲ್ಲ. ಮನುಷ್ಯರಿಗೆ ಹತ್ತಿರದ ಮಕಾಕ್ ಕೋತಿಯ ಹುಟ್ಟದ ಮರಿಯ ಅಕ್ಷಿಪಟಲದಲ್ಲೂ ತಾನಾಗಿಯೇ ಹುಟ್ಟುವ ಅಲೆ ಕಂಡಿದೆ. ಬೆಳಕೇ ತಾಗಿಸದೆ ಕತ್ತಲಲ್ಲಿ ಇಟ್ಟ ನವಜಾತ ಮಕಾಕ್‌ಗಳ ಕಾರ್ಟೆಕ್ಸ್‌ನಲ್ಲೂ ಎರಡು ಕಣ್ಣಿನ ಪಟ್ಟಿಗಳು ದೊಡ್ಡವುಗಳಲ್ಲಿ ಇರುವಂತೆಯೇ ಇದ್ದವು ಎಂದು 1996ರಲ್ಲಿ ಹಾರ್ಟನ್ ಮತ್ತು ಹಾಕಿಂಗ್ ತೋರಿಸಿದರು.

ಎಚ್ಚರ ಬೇಕಾದದ್ದು ಹುಟ್ಟಿದ ಮೇಲೆ. ಕಣ್ಣಿನ ನಡುವೆ ಬಿಳಿ ಕಂಡರೆ, ಫ್ಲ್ಯಾಶ್ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಬಂದರೆ ಅದೇ ವಾರ ಮಕ್ಕಳ ಕಣ್ಣಿನ ಡಾಕ್ಟರಿಗೆ ತೋರಿಸಿ. ಹುಟ್ಟಿನಿಂದ ಬಂದ ದಟ್ಟ ಪೊರೆ ಒಂದೇ ಕಣ್ಣಿನಲ್ಲಿದ್ದರೆ ಸುಮಾರು 6 ವಾರದೊಳಗೆ, ಎರಡರಲ್ಲೂ ಇದ್ದರೆ 8ರಿಂದ 10 ವಾರದೊಳಗೆ ತೆಗೆಸಿದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಒಂದೇ ಕಣ್ಣಿನದಕ್ಕೆ ಅವಸರ ಏಕೆ ಹೆಚ್ಚೆಂಬುದು ಮೇಲಿನ ಉತ್ತರ ಓದಿದವರಿಗೆ ಈಗ ಗೊತ್ತಿದೆ.

ಪ್ರಶ್ನೆ: ನನಗೆ 32. ಎಡಗಣ್ಣು ಚಿಕ್ಕಂದಿನಿಂದ ಮಂದ, ಆಗ ಯಾರೂ ಗಮನಿಸಲಿಲ್ಲ. ಇನ್ನು ಏನೂ ಆಗುವುದಿಲ್ಲವೇ? (ಓದುಗರು, ಬೆಂಗಳೂರು)

ಬಾಗಿಲು ಒಂದೇ ಸಲ ಬೀಳುವುದಿಲ್ಲ, ಮೆಲ್ಲಗೆ ಓರೆಯಾಗುತ್ತಾ ಹೋಗುತ್ತದೆ. 2005ರ ಒಂದು ಪರೀಕ್ಷೆಯಲ್ಲಿ 7ರಿಂದ 12 ವರ್ಷದವರಲ್ಲಿ ಕನ್ನಡಕದ ಜೊತೆ ಪಟ್ಟಿ ಮತ್ತು ಅಟ್ರೊಪಿನ್ ಪಡೆದ 53% ಮಕ್ಕಳಿಗೆ ಗುಣ ಕಂಡಿತು, ಕನ್ನಡಕ ಮಾತ್ರ ಪಡೆದವರಲ್ಲಿ 25%. 13ರಿಂದ 17ರವರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಆದರೆ ಮೊದಲು ಚಿಕಿತ್ಸೆಯನ್ನೇ ಪಡೆಯದವರಲ್ಲಿ ಪಟ್ಟಿಯಿಂದ 47%, ಇಲ್ಲದೆ 20%. ಭಾರತದಲ್ಲಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಮೂಲಕ ಎಷ್ಟೋ ವರ್ಷ ಪೊರೆಯ ಹಿಂದೆ ಬೆಳೆದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಾದಾಗ, ತಡವಾಗಿಯಾದರೂ ಅವರು ಬಹಳಷ್ಟು ಕಲಿತರು. ದೃಷ್ಟಿಯ ಸೂಕ್ಷ್ಮತೆ ಮಾತ್ರ ಪೂರ್ತಿ ಬರಲಿಲ್ಲ.

ಬಾಗಿಲು ಓರೆಯಾಗುವುದರ ಹಿಂದೆ ಬೇರೆ ನರಗಳ ಮಿಡಿತ ತಡೆಯುವ ಮೆದುಳಿನ ತಡೆನರಗಳಿವೆ. ಅವು ಬಲಿತಾಗ ಕಣ್ಣುಗಳ ಪೈಪೋಟಿಯ ಈ ಕಾಲ ಶುರುವಾಗುತ್ತದೆ. ಆಮೇಲೆ ಅವುಗಳ ಸುತ್ತ ಸಕ್ಕರೆ ಸರಪಳಿ ಮತ್ತು ಪ್ರೋಟೀನಿನ ಬಲೆ ಬಿಗಿದಾಗ ಮುಗಿಯುತ್ತದೆ. 2002ರಲ್ಲಿ ಪಿಜ್ಜೊರುಸ್ಸೊ ಮತ್ತು ಸಂಗಡಿಗರು ಬೆಳೆದ ಇಲಿಗಳಲ್ಲಿ ಆ ಬಲೆಯನ್ನು ಕಿಣ್ವದಿಂದ ಕರಗಿಸಿದಾಗ ಪೈಪೋಟಿ ಮತ್ತೆ ಶುರುವಾಯಿತು. ಮನುಷ್ಯರಿಗೆ ಅಂಥ ಔಷಧ ಬಂದಿಲ್ಲ. ಲೆವೊಡೋಪಾ ಮಾತ್ರೆಯನ್ನು ಪಟ್ಟಿಯ ಜೊತೆ 7ರಿಂದ 12 ವರ್ಷದ ಮಕ್ಕಳಿಗೆ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ವಾರದಲ್ಲಿ ಸರಿಮಾಡುತ್ತೇವೆ ಎಂಬ ಜಾಹೀರಾತಿಗೆ ಹಣ ಸುರಿಯಬೇಡಿ.

ಒಮ್ಮೆ ಕಣ್ಣಿನ ಡಾಕ್ಟರ್ ಹತ್ತಿರ ಎಡಗಣ್ಣಿನ ಪವರ್ ಸರಿಯಾಗಿ ಅಳೆಸಿ, ಕನ್ನಡಕದಿಂದ ಎಷ್ಟು ಸುಧಾರಿಸುತ್ತದೆ ನೋಡಿ. ಬಲಗಣ್ಣು ನಿಮಗೆ ಈಗ ಒಂದೇ ಆಸರೆ. ಪವರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಲೆನ್ಸಿನ ಕನ್ನಡಕ ಹಾಕಿಕೊಳ್ಳಿ. ಬೈಕಿನಲ್ಲಿ ಹೆಲ್ಮೆಟ್‌ನ ಗಾಜು ಇಳಿಸಿಕೊಳ್ಳಿ. ಡ್ರಿಲ್ಲಿಂಗ್, ವೆಲ್ಡಿಂಗ್, ತೆಂಗಿನಕಾಯಿ ಸುಲಿಯುವಾಗ, ದೀಪಾವಳಿಯ ಪಟಾಕಿ ಹತ್ತಿರ ಆ ಕನ್ನಡಕವನ್ನು ತೆಗೆಯಬೇಡಿ.